ಮರುಳಸಿದ್ದಮ್ಮನ ಸೀರೆಯಷ್ಟು ಉದ್ದದ ರೇಲಿಂಗು

ಚಿತ್ತವಾಡ್ಗಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಂದಿನಿಂದ ನಾನು ಅಳತೆ ಟೇಪು ಮುಟ್ಟಿದವನಲ್ಲ. ನನ್ನ ಕಣ್ಣೇ ಟೇಪು. ಡ್ಯಾಮಿನ ಗೇಟನ್ನು ದಂಡೆಯಲ್ಲಿ ನಿಂತು ಒಮ್ಮೆ ನೋಡಿ, ಇಷ್ಟು ಟನ್ ಕಬ್ಬಿಣ ಎಂದು ಹೇಳಿಬಿಟ್ಟಿದ್ದೆ. ತಪ್ಪೆಂದು ತೂಗಿ ತೋರಿಸುವ ಗಂಡಸು ಇನ್ನೂ ಹುಟ್ಟಿಲ್ಲ.

ಹೀಗಾಗಿ ಮರುಳಸಿದ್ದಮ್ಮ ತನ್ನ ಹೊಸ ಮಾಳಿಗೆಯ ಬಾಲ್ಕನಿಗೆ ಕಂಬಿ ಹಾಕಿಸಲು ನನ್ನನ್ನೇ ಕರೆದಳು. ಮುದುಕಿಗೆ ಜೀವ ತಡೆಯುತ್ತಿರಲಿಲ್ಲ. ಯಶವಂತನಗರದಲ್ಲಿರುವ ಮಗಳು ಶಾಂಭವಿ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದಳು: "ಮಗ ಅಂಬೆಗಾಲು ಇಡಾಕತ್ತಾನ. ಕಂಬಿ ಬೀಳೋತನ ನಿನ್ನ ಮನಿ ಮೆಟ್ಟಲ ಹತ್ತಂಗಿಲ್ಲ." ಮೊಮ್ಮಗನನ್ನು ಮುದುಕಿ ಮುದ್ದಾಡುತ್ತಿದ್ದುದೆಲ್ಲ ಮೊಬೈಲಿನ ಗಾಜಿನ ಮೇಲೆ.

ನಾನು ಹೋದಾಗ ಬಾಲ್ಕನಿಯಲ್ಲಿ ಒಂದು ಕೆಂಪು ಸೀರೆ ಒಣಗುತ್ತಿತ್ತು. ಆ ಗೋಡೆಯಿಂದ ಈ ಗೋಡೆಗೆ ಸರಿಯಾಗಿ ಒಂದು ಸೀರೆ. ರಸ್ತೆಯಲ್ಲೇ ನಿಂತು ಕೂಗಿದೆ:

"ಸೀರಿ ಆರು ಗಜ, ಅಂದ್ರ ಹದಿನೆಂಟು ಫೂಟು. ಲೆಕ್ಕ ಮುಗೀತು ಯವ್ವ!"

"ಮ್ಯಾಲ ಬಂದು ಅಳತಿ ಹಿಡಿಯೋ, ಹೊನ್ನೂರ."

"ಹಂಪಿ ಕಟ್ಟಿದೋರು ಟೇಪ್ ಹಿಡಕೊಂಡು ತಿರುಗಿದ್ರೇನು?"

ಹದಿನೆಂಟು ಅಡಿಗೆ ತಕ್ಕಷ್ಟು ಕಂಬಿ ಕತ್ತರಿಸಿ ತಂದೆ. ಮಾಳಿಗೆ ಹತ್ತಿ ಇಟ್ಟು ನೋಡಿದರೆ ಬಾಲ್ಕನಿ ರಾತ್ರೋರಾತ್ರಿ ಬೆಳೆದುಬಿಟ್ಟಿದೆ! ನಾನು ಹೆದರುವ ಆಳೇ? ಅಡ್ಡಪಟ್ಟಿಗೆ ಹಳೇ ತುಂಡುಗಳನ್ನು ಬೆಸೆದು ಉದ್ದ ಮಾಡಿದೆ, ನಿಲುವು ಕಂಬಿಗಳನ್ನು ದೂರ ದೂರ ನಿಲ್ಲಿಸಿದೆ.

"ಇಷ್ಟಿಷ್ಟು ಸಂದಿ ಯಾಕೋ?"

"ಗಾಳಿ ಆಡ್ಬೇಕಲ್ಲ ಯವ್ವ. ಕಮಲಾಪುರದ ಕೆರಿ ಗಾಳಿ ಸೀದಾ ನಿನ್ನ ಮಂಚಕ್ಕ ಬರ್ತದ."

ಮುದುಕಿ ಖುಷಿಯಿಂದ ಮಗಳಿಗೆ ಫೋನು ಮಾಡಿದಳು. ಮರುದಿನ ನಾನು ಕೂಲಿ ಕೇಳಲು ಮಾಳಿಗೆ ಹತ್ತಿದ್ದಾಗಲೇ ಶಾಂಭವಿಯ ಆಟೋ ಮನೆ ಮುಂದೆ ನಿಂತಿತು. ಅವಳು ಇಳಿಯಲಿಲ್ಲ. ಕುಂತಲ್ಲಿಂದಲೇ ಕತ್ತೆತ್ತಿ ನೋಡಿದಳು.

"ಯವ್ವ, ನೀರಿನ ಚೊಂಬು ಆ ಸಂದ್ಯಾಗ ತೂರ್ಸು. ನನ್ನ ಮಗನ ತಲಿ ಅಷ್ಟ ಐತಿ."

ಚೊಂಬು ತೂರಿತು. ತೂರಿದ್ದಷ್ಟೇ ಅಲ್ಲ, ಕೆಳಗೆ ನಿಂತಿದ್ದ ನನ್ನ ಬೈಕಿನ ಟ್ಯಾಂಕಿಗೆ ಬಡಿದು ಸಂಡೂರಿಗೆ ಕೇಳಿಸುವಂತೆ ಸದ್ದು ಮಾಡಿತು.

"ಅಣ್ಣ, ಆಟೋ ತಿರುಗಿಸ್ರಿ," ಎಂದಳು ಶಾಂಭವಿ.

ಕೈಗೆ ಬಂದ ಮೊಮ್ಮಗ ಹೊರಟೇಬಿಟ್ಟನಲ್ಲ! ಮುದುಕಿ ನನ್ನ ಕಾಲರು ಹಿಡಿದಳು.

"ಯಾವ ಸೀರಿ ನೋಡಿ ಆರು ಗಜ ಅಂದ್ಯೋ?"

"ಒಣಗಾಕಿದ್ಯಲ್ಲ, ಕೆಂಪು ಇಲಕಲ್ಲು..."

"ಲೇ ಮಬ್ಬ! ಅದು ನಂದು. ಹಳೇ ಕಾಲದಾಕಿ ನಾ, ಎಂಟು ಗಜ ಉಡ್ತೀನಿ. ಆರು ಗಜ ಉಡಾಕಿ ಅಲ್ಲಿ ಆಟೋದಾಗ ಕುಂತಾಳ!"

ಆಟೋದೊಳಗೆ ಶಾಂಭವಿ ಬಿದ್ದು ಬಿದ್ದು ನಕ್ಕಳು. ಡ್ರೈವರನೂ ನಗುತ್ತಾ ಇಂಜಿನ್ ಆರಿಸಿದ. ಅಷ್ಟು ಸಂದು ಸಾಕಾಯಿತು ನನ್ನ ತಲೆಗೆ.

"ಆ ಸೀರಿನೇ ತಾ ಯವ್ವ, ಜಲ್ದಿ!"

ಕಂಬಿಗಳ ಒಳಮೈಗೆ ಸೀರೆ ಎಳೆದು, ತಂತಿ ಹಾಕಿ ಡೊಳ್ಳಿನ ಚರ್ಮದಂತೆ ಬಿಗಿದೆ. ಶಾಂಭವಿ ಮೇಲೆ ಬಂದು ಅದೇ ಚೊಂಬಿನಿಂದ ಅಲ್ಲಲ್ಲಿ ಗುದ್ದಿ ನೋಡಿದಳು. ಎಲ್ಲೂ ತೂರಲಿಲ್ಲ.

"ನಾಳಿ ಉಳಿದ ಕಂಬಿ ಬೀಳಬೇಕು ಹೊನ್ನೂರಣ್ಣ. ಅಲ್ಲೀತನ ಈ ಬಾಲ್ಕನಿ ಬಾಗಿಲ ಚಿಲಕ ತೆಗ್ಯಂಗಿಲ್ಲ," ಎಂದು ಮಗುವನ್ನು ತಾಯಿಯ ಮಡಿಲಿಗೆ ಹಾಕಿದಳು. ಅದು ಬಂದದ್ದೇ ಅಜ್ಜಿಯ ಮೂಗುತಿಗೆ ಕೈ ಹಾಕಿತು.

"ಬರೋವಾಗ ಟೇಪ್ ತಾರೋ!" ಎಂದಳು ಮುದುಕಿ, ಮೂಗು ಬಿಡಿಸಿಕೊಳ್ಳುತ್ತಾ.

ಮರುದಿನ ಉಳಿದ ಕಂಬಿಯ ಜೊತೆ ಟೇಪೂ ತಂದೆ. ಮಗು ಅದನ್ನು ದಿನವಿಡೀ ಕಚ್ಚಿತು. ನನಗೇತಕ್ಕೆ ಟೇಪು? ಈ ಗೋಡೆಯಿಂದ ಆ ಗೋಡೆಗೆ ಸೀರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಿರಲಿಲ್ಲ. ನನ್ನ ಅಳತೆ ತಪ್ಪಿತು ಅನ್ನುವವರು ಚಿತ್ತವಾಡ್ಗಿಗೆ ಬಂದು ಅದನ್ನೊಮ್ಮೆ ನೋಡಲಿ.