ಬೊಳ್ಳಿಮಾಟೆಯ ಹಗ್ಗ

"ಕತ್ತಿ ಕೆಳಗಿಡು ಲೋಕನಾಥ!"

ಅಕ್ಕುವಿನ ದನಿಗೆ ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬಿದಿರಿನ ಚಟ್ಟ ಕಟ್ಟುತ್ತಿದ್ದ ಲೋಕನಾಥ ಒಂದು ಕೈಯಲ್ಲಿ ಅಟ್ಟದಿಂದ ಇಳಿಸಿದ ಹಗ್ಗ, ಇನ್ನೊಂದರಲ್ಲಿ ಕತ್ತಿ ಹಿಡಿದು ಹಾಗೆಯೇ ನಿಂತ. ಸತ್ತವನು ಅವನ ಸೋದರಮಾವ, ಅಕ್ಕುವಿನ ಗಂಡ ತ್ಯಾಂಪಣ್ಣ. ಮಕ್ಕಳಿಲ್ಲದ ಮನೆಯಲ್ಲಿ ಕೊಳ್ಳಿ ಇಡಬೇಕಾದವನೂ ಅಳಿಯನೇ.

"ಚಟ್ಟಕ್ಕೆ ಹಗ್ಗ ಬೇಡವಾ ಮಾಮಿ? ಮನೆಯಲ್ಲಿ ಇರುವುದು ಇದೊಂದೇ. ಬೇರೆ ಬೇಕಾದ್ರೆ ಕುಂಬಳೆಗೆ ಹೋಗ್ಬೇಕು."

"ಕಟ್ಟಬೇಡ ಹೇಳಿದ್ನಾ? ತುಂಡು ಮಾಡ್ಬೇಡ, ಅಷ್ಟೇ."

"ಇಷ್ಟುದ್ದ ಹಗ್ಗ ಎಂತ ಮಾಡುವುದು ಮತ್ತೆ?"

ಅಕ್ಕು ಬಾವಿಕಟ್ಟೆಯ ಕಡೆ ನಡೆದಳು, ಅಲ್ಲಿಂದ ದನದ ಹಟ್ಟಿಗೆ, ಹಟ್ಟಿಯಿಂದ ಮತ್ತೆ ಅಂಗಳಕ್ಕೆ. ಬೆಳಗಿನಿಂದ ಹೀಗೆ, ಕಾಲು ಸುಟ್ಟ ಬೆಕ್ಕಿನ ಹಾಗೆ. ಹೆಣದ ತಲೆದೆಸೆಯಲ್ಲಿ ಕೂತು ಅಳಬೇಕಾದವಳು ಊರೆಲ್ಲ ಸುತ್ತಿದರೆ ಬಂದ ಹೆಂಗಸರು ಸಮಾಧಾನ ಹೇಳುವುದು ಯಾರಿಗೆ? ತ್ಯಾಂಪಣ್ಣನ ತಂಗಿ, ಲೋಕನಾಥನ ತಾಯಿ ದಮಯಂತಿ ಕೊನೆಗೆ ಅವಳ ರಟ್ಟೆ ಹಿಡಿದಳು.

"ಒಂದು ಗಳಿಗೆ ಕೂತುಕೊಳ್ಳಿ ಅತ್ತಿಗೆ. ನೋಡಿದವರು ಎಂತ ಹೇಳಿಯಾರು?"

"ಹೇಳ್ಲಿ. ನನಗೆ ಕೂತುಕೊಳ್ಳಲಿಕ್ಕೆ ಆಗುದಿಲ್ಲ."

"ಅಣ್ಣನೂ ಹೀಗೇ. ಇಬ್ಬರಿಗೂ ಕೂತ ನೆಲದಲ್ಲೇ ಮುಳ್ಳು," ಎಂದು ದಮಯಂತಿ ಅತ್ತಳು.

*

ಸುತ್ತಲಿನ ಗುಡ್ಡವೆಲ್ಲ ಕೆಂಪು ಮುರಕಲ್ಲು. ಪುತ್ತಿಗೆಯಾಚೆಯ ಆ ಒಂದು ಗುಡ್ಡದ ಹೊಟ್ಟೆಯಲ್ಲಿ ಮಾತ್ರ ಅದೆಲ್ಲಿಂದಲೋ ಸುಣ್ಣಕಲ್ಲು. ಊರವರು ಬೊಳ್ಳಿಮಾಟೆ ಎನ್ನುವ ಗುಹೆ ಅದು. ಅದರ ಕೊನೆ ಕಂಡವರಿಲ್ಲ. ತ್ಯಾಂಪಣ್ಣ ಅಲ್ಲಿಂದ ಬಾವಲಿ ಹಿಕ್ಕೆ ಹೊತ್ತು ತಂದು ತೋಟದವರಿಗೆ ಗೊಬ್ಬರಕ್ಕೆ ಮಾರುತ್ತಿದ್ದ. ಬೇಸಗೆಯಲ್ಲಿ ನೋಡಲು ಬಂದವರನ್ನು ಉರಿಯುವ ತೆಂಗಿನ ಗರಿಯ ಸೂಟೆ ಹಿಡಿದು ಒಳಗೆ ಕರೆದೊಯ್ಯುತ್ತಿದ್ದ. ಮೊದಲು ಇಂಗ್ಲಿಷ್ ದೊರೆಗಳು, ಅವರು ದೇಶ ಬಿಟ್ಟ ಮೇಲೆ ಶಾಲೆಯ ಮಾಷ್ಟ್ರುಗಳು. ಮೇಲಿನಿಂದ ಇಳಿಬಿದ್ದ ಬಿಳಿಕಲ್ಲು ನೋಡಿ ಅವರು ಬಾಯಿ ಬಿಟ್ಟರೆ ಇವನಿಗೆ ನಗು. "ಇದು ಬರೇ ಜಗಲಿ ಮಾರಾಯ್ರೆ, ಮನೆ ಒಳಗೆ ಉಂಟು."

ಒಳಗೆ ನೀರು ನಿಂತ ಹೊಂಡದಾಚೆ ಒಂದು ಸಂದು, ಅದರಿಂದ ಸದಾ ತಣ್ಣನೆಯ ಗಾಳಿ. ಆ ಗಾಳಿ ಎಲ್ಲಿಂದ ಬರುತ್ತದೆಂದು ನೋಡಬೇಕು, ಅದೊಂದೇ ಅವನ ಹುಚ್ಚು. ಅಲ್ಲಿಗೆ ಒಬ್ಬನೇ ಹೋಗುತ್ತಿದ್ದ. ಸೊಂಟಕ್ಕೆ ತಾನೇ ಹೊಸೆದ ನಾರಿನ ಹಗ್ಗ. ಇನ್ನೊಂದು ತುದಿ ಗುಹೆಯ ಬಾಯಲ್ಲಿ ನಿಂತ ಅಕ್ಕುವಿನ ಕೈಯಲ್ಲಿ. ಆ ತುದಿಯಲ್ಲೊಂದು ಗಂಟು. ಗಂಟು ಕೈಗೆ ಬಂದರೆ ಅವಳು ಎಳೆಯಬೇಕು, ಅವನು ತಿರುಗಬೇಕು. ಹಗ್ಗ ಕೈಯಲ್ಲಿರುವಾಗ ಕೂರುವ ಹಾಗಿಲ್ಲ. ಕೂತರೆ ಕಣ್ಣು ಹತ್ತುತ್ತದೆ. ಕಣ್ಣು ಹತ್ತಿದರೆ ಒಳಗಿದ್ದವನ ಗತಿ?

ಗಂಟಿನವರೆಗೆ ಕಾಯುವ ಧೈರ್ಯ ಅಕ್ಕುವಿಗೆ ಒಂದು ದಿನವೂ ಬರಲಿಲ್ಲ. ಕಾಲಬುಡದಲ್ಲಿ ಇನ್ನೂ ಒಂದು ಸಿಂಬೆಯಷ್ಟು ಹಗ್ಗ ಇರುವಾಗಲೇ ಎಳೆದುಬಿಡುತ್ತಿದ್ದಳು. ಅವನು ಮೈಯೆಲ್ಲ ಬಿಳಿ ಕೆಸರು ಮಾಡಿಕೊಂಡು ಹೊರಬಂದು ಸೊಂಟಕ್ಕೆ ಕೈ ಇಡುತ್ತಿದ್ದ.

"ಇಷ್ಟು ಹಗ್ಗ ಯಾರಿಗೆ ಇಟ್ಟದ್ದು ಮಾರಾಯ್ತಿ?"

"ನನಗೆ ಹೆದರಿಕೆ ಆಯ್ತು."

"ಶಿರಿಯ ಹೊಳೆಯಷ್ಟುದ್ದ ಹೊಸೆದು ಕೊಟ್ರೂ ನಿನ್ನ ಕೈಯಲ್ಲಿ ಗಿಡ್ಡವೇ."

ಮಳೆಗಾಲದಲ್ಲಿ ಕೂತು ಅವನು ಹಗ್ಗ ಉದ್ದ ಮಾಡುತ್ತಿದ್ದ. ಬೇಸಗೆಯಲ್ಲಿ ಅವಳು ಇನ್ನೂ ಮೊದಲೇ ಎಳೆಯುತ್ತಿದ್ದಳು. ಅವನು ಚಾಪೆಯ ಕೆಳಗೆ ತೂರಿದರೆ ಇವಳು ರಂಗೋಲಿಯ ಕೆಳಗೆ. ಆದರೆ ಅವಳು ಎಳೆದ ಮೇಲೆ ಅವನು ಒಂದು ಹೆಜ್ಜೆಯೂ ಮುಂದಿಟ್ಟವನಲ್ಲ. ಈಗ ಅವಳನ್ನು ಕೂರಲು ಬಿಡದೆ ಕಾಡುತ್ತಿದ್ದುದು ಅದೇ.

ಉಬ್ಬಸ ಹಿಡಿದು ಗುಡ್ಡ ಹತ್ತಲಾರದಾದಾಗ ಅವನು ಹಗ್ಗವನ್ನು ಸುತ್ತಿ ಅಟ್ಟಕ್ಕೆ ಹಾಕಿದ. "ಒಂದು ಸಲ ಪೂರಾ ಬಿಡಬೇಕಿತ್ತು ನೀನು," ಎಂದ, ನಗುತ್ತಲೇ.

*

"ಈ ತುದಿಯಿಂದ ಚಟ್ಟ ಕಟ್ಟು," ಅಕ್ಕು ಲೋಕನಾಥನ ಎದುರು ಬಂದು ನಿಂತಳು. "ಗಂಟಿನ ತುದಿ ನನ್ನ ಕೈಯಲ್ಲಿರ್ಲಿ. ನೀವು ಹೊತ್ತುಕೊಂಡು ಹೋಗಿ."

ದಮಯಂತಿಗೆ ಗಾಬರಿ. "ಇದೆಂಥ ಕ್ರಮ ಅತ್ತಿಗೆ? ಹಿಂದೆ ಎಳೆದ ಹಾಗೆ ಆಗ್ತದೆ. ಅಣ್ಣನಿಗೆ ಹೋಗ್ಲಿಕ್ಕೆ ಆಗುದಿಲ್ಲ."

"ನಾನು ಎಳೆಯುದಿಲ್ಲ."

"ಎಳೆಯದೆ ಇದ್ದದ್ದು ಯಾವಾಗ ನೀವು?" ಲೋಕನಾಥನ ಬಾಯಿ ಜಾರಿತು. ಊರಿಗೆಲ್ಲ ಗೊತ್ತಿದ್ದ ತಮಾಷೆ ಅದು. ಇವತ್ತು ಯಾರೂ ನಗಲಿಲ್ಲ.

ಬೆಳಗಿನಿಂದ ಒಣಗಿದ್ದ ಅಕ್ಕುವಿನ ಕಣ್ಣು ಆಗ ತುಂಬಿತು. "ಅದಕ್ಕೇ ಮಗಾ," ಎಂದಳು.

ಲೋಕನಾಥ ಕತ್ತಿಯನ್ನು ಜಗಲಿಯ ಮೇಲಿಟ್ಟ.

ಚಟ್ಟ ಎದ್ದಿತು. ಅವಳ ಕಾಲಬುಡದಲ್ಲಿ ಸುತ್ತಿಟ್ಟ ಹಗ್ಗ ಬಿಚ್ಚುತ್ತ ಅಂಗೈಯೊಳಗಿಂದ ಸರಿಯತೊಡಗಿತು. ಹೊತ್ತವರು ಬೇಲಿಯ ದಣಪೆ ದಾಟಿ, ಚಿತೆ ಒಟ್ಟಿದ್ದ ಗುಡ್ಡದ ದಾರಿ ಹಿಡಿದು, ತಿರುವಿನಲ್ಲಿ ಮರೆಯಾದರು. ಹಗ್ಗ ಹೋಗುತ್ತಲೇ ಇತ್ತು. ನಾರು ಅಂಗೈ ಸುಲಿಯುತ್ತಿತ್ತು. ಒಂದು ಸಿಂಬೆಯಷ್ಟು ಉಳಿದಾಗ ಅವಳ ಬೆರಳು ತಾವಾಗಿಯೇ ಬಿಗಿದವು.

ಹಗ್ಗ ತಿರುವಿನವರೆಗೂ ಸೆಟೆಯಿತು. ಆಚೆ ಹೊತ್ತವರ ಗೋವಿಂದನ ನಾಮ ನಿಂತಿತು. ಎಳೆದರೆ ತ್ಯಾಂಪಣ್ಣನೂ ಹೀಗೆಯೇ ನಿಲ್ಲುತ್ತಿದ್ದ.

"ಅತ್ತಿಗೆ..." ಎಂದಳು ದಮಯಂತಿ, ಮೆಲ್ಲಗೆ.

"ಹೋಗಿ," ಎಂದಳು ಅಕ್ಕು. ದಮಯಂತಿಗೆ ಹೇಳಿದ್ದಲ್ಲ.

ಬೆರಳು ಸಡಿಲಾದವು. ಉಳಿದ ಸುತ್ತೂ ಬಿಚ್ಚಿತು. ಗಂಟು ಅಂಗೈಗೆ ಬಂತು. ಅದು ಅಷ್ಟು ದಪ್ಪವೆಂದು ಇಷ್ಟು ವರ್ಷ ಅವಳಿಗೆ ಗೊತ್ತಿರಲಿಲ್ಲ. ಅದೂ ಜಾರಿತು. ಮುರಕಲ್ಲಿನ ಮೇಲೆ ಕುಪ್ಪಳಿಸುತ್ತ ದಣಪೆ ದಾಟಿ, ದಾರಿ ಹಿಡಿದು, ತಿರುವಿನಲ್ಲಿ ಕಾಣದಾಯಿತು.

ಅಕ್ಕು ಅಂಗಳದ ನಡುವೆ ಕೂತಳು.