ಹನ್ನೊಂದನೇ ಹೆಜ್ಜೆ

"ಏ ಕುಂಟಿ, ಇನ್ನೂ ಅದೊಂದೇ ಕಾಲನ್ನ ಉಜ್ತಾ ಕೂತಿದೀಯಲ್ಲೇ! ದೊಡ್ಡೋರ ಕಾರು ಬಂದು ನಿಂತೈತೆ. ಹನ್ನೆರಡು ಜನ ವೇದಿಕೆ ಮೇಲಿರ್ಬೇಕು!"

ಮ್ಯಾನೇಜರನ ಬೂಟು ಅವಳ ಸ್ಟೂಲಿಗೆ ಬಡಿಯಿತು. ಅವಳು ತಲೆಯೆತ್ತದೆ ಕೃತಕ ಕಾಲಿನ ಸಾಕೆಟ್ಟಿನ ಅಂಚನ್ನು ಬೆರಳಿನಿಂದ ಸವರಿ ನೋಡಿದಳು. ಮೊಂಡುಗಾಲು ಇಳಿಯುವ ಬಟ್ಟಲು ಅದು. ಅಂಚು ಕೂದಲೆಳೆಯಷ್ಟು ಒರಟಾಗಿದ್ದರೂ ಸಂಜೆಯೊಳಗೆ ಚರ್ಮ ಸುಲಿಯುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ; ಅವಳ ಎಡಗಾಲೂ ಮೊಣಕಾಲಿನ ಕೆಳಗೆ ಇಂಥದ್ದೇ. ಹಿಂದೊಮ್ಮೆ ಇಂಥದೇ ಸಮಾರಂಭದಲ್ಲಿ ಹಾರ ಹಾಕಿ ಕೊಟ್ಟ ಕಾಲು ಒಂಬತ್ತನೇ ದಿನ ನಡುರಸ್ತೆಯಲ್ಲಿ ಕಳಚಿಕೊಂಡಿತ್ತು. ಲಾರಿ ಗೇಣು ದೂರದಲ್ಲಿ ನಿಂತಿದ್ದರಿಂದ ಬದುಕಿದ್ದಳು. ಆಮೇಲೆಯೇ ಈ ಕೆಲಸ ಕಲಿತದ್ದು.

ಎದುರಿನ ಬೆಂಚಿನ ಮೇಲೆ ಗಾರೆ ಕೆಲಸದವನು ಕೂತಿದ್ದ. ಮೂರನೇ ಮಹಡಿಯ ಸಾರುವೆಯ ಅಟ್ಟಣೆ ಮುರಿದು ಬಿದ್ದು ಕಾಲು ಕಳೆದುಕೊಂಡವನು. ಆ ಕಟ್ಟಡ ಕಟ್ಟಿಸಿದವರೇ ಇವತ್ತು ಕಾಲು ದಾನ ಮಾಡಲು ಬಂದ ದೊಡ್ಡವರು.

"ಅಕ್ಕ, ಇದನ್ನ ಹಾಕ್ಕೊಂಡು ಏಣಿ ಹತ್ತಬೌದಾ?"

"ಮೊದ್ಲು ನೆಲದ ಮೇಲೆ ನಿಲ್ಲಣ್ಣ. ಎಲ್ಲಿ ಒತ್ತುತ್ತೆ ಹೇಳು, ನಾಚ್ಕೋಬೇಡ."

ನಿಲ್ಲಿಸಿ, ಕೂರಿಸಿ, ಕಾಲು ಬಿಚ್ಚಿಸಿ ನೋಡಿದಳು. ಎಲ್ಲೂ ಕೆಂಪಾಗಿರಲಿಲ್ಲ. ಇನ್ನು ಉಳಿದದ್ದು ಸಾಕೆಟ್ಟನ್ನೂ ಕೆಳಗಿನ ಕೊಳವೆಯನ್ನೂ ಹಿಡಿದಿಡುವ ನಾಲ್ಕು ಸ್ಕ್ರೂ. ಅಳತೆ ನೋಡಲು ಹಾಕಿದ್ದ ಅವನ್ನು ಬಿಚ್ಚಿದಳು; ಇನ್ನು ಒಂದೊಂದಕ್ಕೂ ಅಂಟು ಹಚ್ಚಿ, ಬಿಗಿ ಅಳೆಯುವ ಸ್ಪ್ಯಾನರಿನಲ್ಲಿ ತಿರುಗಿಸಬೇಕು. ಅಂಟು ಒಣಗುವ ತನಕ ಅದರ ಮೇಲೆ ಭಾರ ಬೀಳಬಾರದು. ಅವಳು ಸ್ಪ್ಯಾನರ್ ಎತ್ತಿಕೊಂಡದ್ದೇ ತಡ, ಮ್ಯಾನೇಜರ್ ಕಿತ್ತುಕೊಂಡ.

"ಕೈಯಲ್ಲೇ ತಿರುಗ್ಸೇ, ಬೋಸುಡಿ! ಉಳಿದ ಹನ್ನೊಂದನ್ನ ನಾನು ಹಂಗೇ ಮಾಡ್ಲಿಲ್ವಾ? ಫೋಟೋಗೆ ಹತ್ತು ಹೆಜ್ಜೆ ನಡೆದ್ರೆ ಸಾಕು."

"ಹನ್ನೊಂದನೇ ಹೆಜ್ಜೆಗೆ?"

"ಅವನ ಹಣೆಬರಹ. ಬಿಟ್ಟಿ ಕಾಲಿಗೆ ಗ್ಯಾರಂಟಿ ಬೇರೆ ಕೇಡು!"

ಅವನೇ ನಾಲ್ಕು ಸ್ಕ್ರೂಗಳನ್ನು ಬೆರಳಲ್ಲಿ ತಿರುಗಿಸಿದ. ಇಬ್ಬರು ಆಳುಗಳು ಗಾರೆಯವನಿಗೆ ಕಾಲು ತೊಡಿಸಿ, ರಟ್ಟೆ ಹಿಡಿದು ಎಳೆದುಕೊಂಡೇ ಹೋಗಿ ವೇದಿಕೆಯ ಕುರ್ಚಿಯಲ್ಲಿ ಕುಕ್ಕಿದರು.

ಮೈಕಿನ ಮುಂದೆ ದೊಡ್ಡವರು ಹೇಳುತ್ತಿದ್ದರು: "ಇಂಥವರನ್ನ ಎದ್ದು ನಿಲ್ಸೋದೇ ನನ್ನ ಪುಣ್ಯ." ಚಪ್ಪಾಳೆ ಬಿತ್ತು. "ಏಳಯ್ಯಾ, ನಡೆದು ತೋರ್ಸು."

ಗಾರೆಯವನು ಕುರ್ಚಿಯ ಕೈ ಹಿಡಿದ.

"ಏಳ್ಬೇಡಣ್ಣ!"

ಅವಳು ವೇದಿಕೆ ಹತ್ತಿಬಂದಿದ್ದಳು. ಅವನ ಮುಂದೆ ಕುಕ್ಕರಿಸಿ, ಎರಡೇ ಬೆರಳಲ್ಲಿ ಒಂದು ಸ್ಕ್ರೂ ಬಿಚ್ಚಿ ಕ್ಯಾಮೆರಾಗಳ ಕಡೆ ಎತ್ತಿ ಹಿಡಿದಳು.

"ನೋಡಿ, ಕೈಯಲ್ಲೇ ಬಂತು." ದೊಡ್ಡವರ ಕಡೆ ತಿರುಗಿದಳು. " ಇದರ ಮೇಲೆ ನಿಮ್ಮ ಮಗನ್ನ ನಿಲ್ಲಿಸ್ತೀರಾ ಸಾರ್?"

"ಎಳ್ಕೊಂಡೋಗ್ರೋ ಈ ಲೌಡಿನ!" ಮ್ಯಾನೇಜರ್ ಓಡಿಬಂದು ಅವಳ ಜಡೆಗೆ ಕೈ ಹಾಕಿದ.

ಗಾರೆಯವನು ಬಗ್ಗಿ ಕೇಳಿದ, "ಬಿಚ್ಚಿಟ್ರೆ ಮತ್ತೆ ಕೊಡ್ತಾರಾ ಅಕ್ಕ?"

"ಗೊತ್ತಿಲ್ಲಣ್ಣ." ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಅವನು ತನ್ನ ಕಾಲನ್ನೇ ಸ್ವಲ್ಪ ಹೊತ್ತು ನೋಡಿದ. ಆರು ತಿಂಗಳು ಕಾದು ಪಡೆದದ್ದು. ಆಮೇಲೆ ಪಟ್ಟಿ ಬಿಚ್ಚಿ, ಎಳೆದು, ದೊಡ್ಡವರ ಮುಂದಕ್ಕೆ ಎಸೆದ. ಪಕ್ಕದ ಕುರ್ಚಿಯ ತರಕಾರಿ ಮಾರುವ ಮುದುಕಿ, ತನ್ನ ಕಾಲಿನ ಸ್ಕ್ರೂ ಕೂಡ ಬೆರಳಲ್ಲೇ ತಿರುಗಿದ್ದು ಕಂಡು, "ಥೂ, ನಿಮ್ ಮನೆ ಹಾಳಾಗ!" ಎಂದು ತನ್ನದನ್ನೂ ಬಿಸುಟಳು. ಅವಳ ಹಿಂದೆಯೇ ಇನ್ನೊಂದು ಬಿತ್ತು. ಮತ್ತೊಂದು.

ದೊಡ್ಡವರು ಇಳಿದು ಹೋಗಲು ಎದ್ದರು. ಮೆಟ್ಟಿಲಿನವರೆಗೂ ಕಾಲುಗಳು ಅಡ್ಡ ಬಿದ್ದಿದ್ದವು.