ಉಗುರಿನ ಮಸಿ

ಅವನ ಹೆಬ್ಬೆರಳ ಉಗುರು ಕಪ್ಪಗಿದೆ, ಕಟಕಟೆಯ ಮರದ ಮೇಲೆ ಅದೊಂದೇ ಕಾಣುತ್ತಿದೆ, ಸೈಲಸ್ ಪ್ರೆಂಟಿಸ್, ಈ ಊರಿನಲ್ಲಿ ನನ್ನ ಪತ್ರಿಕೆಗೆ ಎದುರಾಳಿಯಾದ ಪತ್ರಿಕೆಯ ಸಂಪಾದಕ, ಮುದ್ರಕ, ನಾಲ್ಕು ವರ್ಷದಿಂದ ವಾರ ತಪ್ಪದೆ ನನ್ನನ್ನು ಹಡಗು ಕಕ್ಕಿದ ಐರಿಷ್ ಕಸ ಎಂದು ಬರೆದವನು — ಆ ಮಸಿ ಎಷ್ಟು ಉಜ್ಜಿದರೂ ಹೋಗುವುದಿಲ್ಲ, ನನಗೆ ಗೊತ್ತು — ಶಾಸನಸಭೆಯ ಗುಮಾಸ್ತ ಮತಕ್ಕಾಗಿ ಒಬ್ಬೊಬ್ಬರ ಹೆಸರು ಕೂಗಲು ಎದ್ದ, ಶಾಸಕನ ಮಾನ ಕಳೆದ ಈ ಮುದ್ರಕನನ್ನು ಸೆರೆಗೆ ಹಾಕಬೇಕೇ, ಹೌದೋ ಇಲ್ಲವೋ, ಅಬಟ್ ಎಂದು ಕೂಗಿದ, ಹೌದು ಎಂದ ಅಬಟ್, ಮಾನ ಹೋದ ಆ ಶಾಸಕ ನಾನೇ, ಫೆಲಿಮ್ ಗೆರಟಿ, ಇಂಗ್ಲಿಷ್ ದೊರೆಯನ್ನು ಬೈದು ಬರೆದು ಡಬ್ಲಿನ್ನಿನಿಂದ ಅಮೆರಿಕಕ್ಕೆ ಓಡಿಬಂದವನು, ಪಾಲುದಾರನನ್ನು ಸಿಪಾಯಿಗಳ ಕೈಗೆ ಬಿಟ್ಟು ಹಡಗು ಹತ್ತಿದ ಎಂದು ಪ್ರೆಂಟಿಸ್ ಬರೆದ, ಅಪ್ಪಟ ಸುಳ್ಳು ಎಂದು ಈ ಸಭೆಯಲ್ಲೇ ನಿಂತು ಹೇಳಿದೆ, ಬೆಲ್ಡನ್, ಹೌದು — ಸುಳ್ಳಲ್ಲ, ಆ ಪಾಲುದಾರ ಮರ್ಟಾ, ಅಚ್ಚಿನ ಮೊಳೆ ಜೋಡಿಸುತ್ತ ಒಂಬತ್ತು ವರ್ಷ ನನ್ನ ಪಕ್ಕ ನಿಂತವನು, ಹಿಂಬಾಗಿಲಿಗೆ ನನ್ನನ್ನು ತಳ್ಳಿದ, ನಿಂಗೆ ಹೆಂಡ್ತಿ ಇದಾಳೆ ಕಣೋ, ಹೋಗು, ಬರೆದೋನು ನಾನೇ ಅಂತೀನಿ, ಹೋದೆ, ಮೂರನೇ ದಿನ ಬಂದರಿಗೆ ಹೋಗುವಾಗ ಸೆರೆಮನೆಯ ಕಿಟಕಿ, ಸರಳು ಹಿಡಿದ ಅವನ ಕೈ, ಕಪ್ಪು ಉಗುರು, ಕೂಗಬೇಕಿತ್ತು, ಟೊಪ್ಪಿ ಕೆಳಗೆಳೆದುಕೊಂಡು ನಡೆದೆ, ಆ ಚಳಿಗಾಲವೇ ಜ್ವರ ಅವನನ್ನು ಅಲ್ಲೇ ಮುಗಿಸಿತು.

ಡಿಟ್ಮರ್, ಪಕ್ಕದಲ್ಲಿ ಕೂರುವ ಜರ್ಮನ್ ರೈತ, ಹೌದು ಎಂದು ಕೂತು ನನ್ನ ಕಡೆ ಬಾಗಿದ, ಏನಯ್ಯಾ ಬೆವರ್ತಿದೀಯ, ಒಲೆ ಅಷ್ಟು ದೂರ ಇದೆ — ಬೆವರದೆ ಏನು ಮಾಡಲಿ, ನನ್ನ ಪತ್ರಿಕೆ ಒಯ್ಯುವ ಅಂಚೆ ಕುದುರೆ ಹೊರಡುವುದು ಹತ್ತಕ್ಕೆ, ಮತ ಹಾಕುವುದು ಹನ್ನೊಂದಕ್ಕೆ, ಯಾರು ಏನನ್ನುತ್ತಾರೆಂದು ಗೊತ್ತಿದ್ದ ಮೇಲೆ ಫಲಿತಾಂಶ ಮುಂಚೆಯೇ ಅಚ್ಚಿಗೆ ಜೋಡಿಸಿದರೆ ಏನು ತಪ್ಪು, ಪ್ರತಿ ಸಲವೂ ಹಾಗೇ, ಹೌದು ಎಂದವರ ಸಾಲಿನಲ್ಲಿ ಗೆರಟಿ ಎಂದು ನನ್ನ ಕೈಯಾರೆ ಜೋಡಿಸಿದೆ, ನೋರಾ ಹಾಳೆ ಒಣಹಾಕುತ್ತ ಕೂಸು ಹುಟ್ಟೋಕ್ ಮುಂಚೆ ಕುಲಾವಿ ಯಾಕ್ರೀ ಅಂದಳು, ಆಮೇಲೆ ಮೆಲ್ಲಗೆ, ಮರ್ಟಾ ಇದ್ದಿದ್ರೆ ಏನಂತಿದ್ದ, ಹೆಂಡತಿಯನ್ನು ಗದರಿ ಹೊರಬಿದ್ದೆ, ನಾನೂರು ಹಾಳೆ ಈಗ ಸೇತುವೆ ದಾಟಿವೆ, ಇಲ್ಲ ಎಂದರೆ ನನ್ನ ಪತ್ರಿಕೆಯೇ ಸುಳ್ಳು, ಸಭೆಯ ಮತವನ್ನು ಸುಳ್ಳಾಗಿ ಅಚ್ಚು ಹಾಕಿದವನೆಂದು ಮುಂದಿನ ವಾರ ಆ ಕಟಕಟೆಯಲ್ಲಿ ನಾನೇ, ಹೌದೆಂದರೆ ಎಲ್ಲ ಸಲೀಸು, ಒಂದೇ ಮಾತು, ಭಯವಾಗುತ್ತಿದೆ, ಫಾರ್ನಮ್, ಹೌದು, ಮುಂದೆ ನಾನು, ಪ್ರೆಂಟಿಸ್ ನನ್ನತ್ತ ನೋಡುತ್ತಿಲ್ಲ, ಕಟಕಟೆಯನ್ನು ಬಿಗಿಯಾಗಿ ಹಿಡಿದಿದ್ದಾನೆ, ಆ ಉಗುರು — ಗೆರಟಿಯವರೇ — ಎದ್ದೆನೇ, ಎದ್ದಿದ್ದೇನೆ, ಇಲ್ಲ, ಯಾರ ದನಿ ಅದು, ಗುಮಾಸ್ತ ಲೇಖನಿ ತಡೆದು ನೋಡಿದ, ಏನಂದ್ರಿ, ಇಲ್ಲ ಅಂದೆ, ಅವನು ಬರೆದಿದ್ದು ನಿಜ, ಸಭೆಯೆಲ್ಲ ಗದ್ದಲ, ಡಿಟ್ಮರ್ ಕೋಟು ಜಗ್ಗುತ್ತಿದ್ದಾನೆ, ಕೂತ್ಕೊಳಯ್ಯಾ, ಕಾಲು ಮಡಚುತ್ತಿಲ್ಲ, ಕುದುರೆ ಓಡುತ್ತಿದೆ, ಅದರ ಚೀಲದಲ್ಲಿ ನಾನೂರು ಸಲ ಹೌದು, ಮುಂದಿನ ಬೆಂಚಿನ ಅಂಚು ಹಿಡಿದು ನಿಂತಿದ್ದೇನೆ, ಅಂಚಿನ ಮೇಲೆ ನನ್ನ ಹೆಬ್ಬೆರಳು, ಕಪ್ಪು ಉಗುರು